ಪದ ಪರಿಚಯ: ಸಿಕೆಡಿ

ಪ್ರತಿ ವರ್ಷ ಜನವರಿ ಬಂತೆಂದರೆ ಐಷಾರಾಮಿ ಕಾರು ಕಂಪನಿಗಳು ಹಿಂದಿನ ವರ್ಷದ ಲೆಕ್ಕ ಒಪ್ಪಿಸುತ್ತವೆ. ಎಷ್ಟು ಕಾರು ಮಾರಿದೆವು, ಈ ವರ್ಷ ಏನೇನು ತರುತ್ತೇವೆ ಅಂತ. 2025ರ ಜನವರಿಯಲ್ಲಿ ಮರ್ಸಿಡಿಸ್-ಬೆಂಜ್ ಇಂಡಿಯಾ ಕೊಟ್ಟ ಲೆಕ್ಕ ನೋಡಿ: 2023ರಲ್ಲಿ 17,408 ಕಾರು, 2024ರಲ್ಲಿ 19,565. ಹೊಸ ವರ್ಷಕ್ಕೆ 8 ಹೊಸ ಮಾಡೆಲ್. ಅದೇ ತಿಂಗಳು ಎರಡು ಎಲೆಕ್ಟ್ರಿಕ್ ಎಸ್‌ಯುವಿ ಬಿಡುಗಡೆಯಾದವು. ಇಕ್ಯೂಎಸ್ 450ಗೆ 1.28 ಕೋಟಿ ರೂಪಾಯಿ, ಜಿ 580ಗೆ 3 ಕೋಟಿ.

ಒಂದೇ ಕಂಪನಿ, ಎರಡೂ ಎಲೆಕ್ಟ್ರಿಕ್. ಆದರೂ ಇಷ್ಟೊಂದು ಅಂತರ ಯಾಕೆ? ಜಿ 580 ಅಂದರೆ ಎಲೆಕ್ಟ್ರಿಕ್ ಜಿ ವ್ಯಾಗನ್. ಜಿ ವ್ಯಾಗನ್ ಯಾವ ದೇಶದಲ್ಲೂ ದುಬಾರಿಯೇ, ಅದು ಒಂದು ಕಾರಣ. ಇನ್ನೊಂದು ಕಾರಣ, ಇಕ್ಯೂಎಸ್ ಪುಣೆ ಹತ್ತಿರದ ಚಾಕಣ್‌ನಲ್ಲಿ ಜೋಡಣೆಯಾಗುತ್ತದೆ. ಜಿ ವ್ಯಾಗನ್ ಆಸ್ಟ್ರಿಯಾದ ಗ್ರಾಜ್‌ನಲ್ಲಿ ಪೂರ್ತಿ ತಯಾರಾಗಿ ಹಡಗು ಹತ್ತಿ ಬರುತ್ತದೆ. ಮೊದಲನೆಯದಕ್ಕೆ ಸಿಕೆಡಿ ಅಂತಾರೆ, ಎರಡನೆಯದಕ್ಕೆ ಸಿಬಿಯು. ಐಷಾರಾಮಿ ಕಾರಿನ ಸುದ್ದಿ ಓದುವವರಿಗೆ ಈ ಎರಡು ಪದ ಗೊತ್ತಿದ್ದರೆ ಅರ್ಧ ಸುದ್ದಿ ತಾನಾಗೇ ಬಿಡಿಸಿಕೊಳ್ಳುತ್ತದೆ.

ಸಿಬಿಯು ಸುಲಭ. ಕಂಪ್ಲೀಟ್ಲಿ ಬಿಲ್ಟ್ ಯೂನಿಟ್. ವಿದೇಶದಲ್ಲೇ ಪೂರ್ತಿ ಸಿದ್ಧವಾದ ಕಾರು. ಸಿಕೆಡಿ ಅಂದರೆ ಕಂಪ್ಲೀಟ್ಲಿ ನಾಕ್ಡ್ ಡೌನ್. ಕಾರು ಬಿಡಿಬಿಡಿ ಭಾಗಗಳ ಕಿಟ್ ಆಗಿ ಬರುತ್ತದೆ, ಇಲ್ಲಿನ ಕಾರ್ಖಾನೆಯಲ್ಲಿ ಜೋಡಣೆಯಾಗುತ್ತದೆ. ನಮ್ಮ ದಾವಣಗೆರೆಯ ಮಂಡಿಪೇಟೆ ಕಡೆ ಸೈಕಲ್ ಅಂಗಡಿಯಲ್ಲಿ ಫ್ರೇಮ್, ಚಕ್ರ, ಹ್ಯಾಂಡಲ್ ಬೇರೆ ಬೇರೆ ಬಂದು ಫಿಟ್ಟರ್ ಕೈಯಲ್ಲಿ ಸೈಕಲ್ ಆಗುವುದನ್ನು ನೋಡಿರುತ್ತೀರಿ. ತತ್ವ ಅದೇ. ಆದರೆ ಎಷ್ಟು ಬಿಡಿಯಾಗಿ ಬರಬೇಕು ಅನ್ನುವುದಕ್ಕೆ ಇಲ್ಲಿ ಕಾನೂನೇ ಇದೆ.

ಆ ಕಾನೂನು ಸ್ವಾರಸ್ಯವಾಗಿದೆ. ಎಂಜಿನ್, ಗೇರ್‌ಬಾಕ್ಸ್ ಮೊದಲೇ ಜೋಡಣೆಯಾಗಿ ಬಂದಿದ್ದರೆ ಕಿಟ್‌ಗೆ ಶೇ 35 ಮೂಲ ಆಮದು ಸುಂಕ. ಅವೂ ಬಿಡಿಯಾಗಿ ಬಂದರೆ ಶೇ 15 ಮಾತ್ರ. 2011ರ ಬಜೆಟ್‌ನಲ್ಲಿ ಈ ಗೆರೆ ಎಳೆದರು. ದರ ಆಮೇಲೆ ಬದಲಾಗುತ್ತಾ ಬಂತು, ಗೆರೆ ಮಾತ್ರ ಉಳಿಯಿತು. ಇದರಿಂದ ಎಂಜಿನ್ ಜೋಡಣೆಯ ಕೆಲಸ ಭಾರತದಲ್ಲಿ ಹೆಚ್ಚಿತು. ನಮಗೆ ಟ್ರ್ಯಾಕ್ಸ್ ಗಾಡಿಯಿಂದ ಪರಿಚಯವಾದ ಫೋರ್ಸ್ ಮೋಟಾರ್ಸ್ ಕಂಪನಿ ಇವತ್ತು ಚಾಕಣ್‌ನಲ್ಲಿ ಮರ್ಸಿಡಿಸ್‌ಗೆ, ಚೆನ್ನೈನಲ್ಲಿ ಬಿಎಂಡಬ್ಲ್ಯುಗೆ ಎಂಜಿನ್ ಜೋಡಿಸಿ ಕೊಡುತ್ತದೆ. ಹಳ್ಳಿಯಿಂದ ಸಂತೆಗೆ ಜನರನ್ನು ಹೊತ್ತು ತರುವ ಗಾಡಿಯ ಕಂಪನಿಗೆ ಜರ್ಮನಿಯವರು ತಮ್ಮ ಎಂಜಿನ್ ಒಪ್ಪಿಸಿದ್ದಾರೆ. ನನಗೆ ಇದು ಹೆಮ್ಮೆಯ ವಿಷಯ.

ಈಗ ದುಡ್ಡಿನ ಲೆಕ್ಕ. 50 ಲಕ್ಷ ರೂಪಾಯಿ ಬೆಲೆಯ ಪೆಟ್ರೋಲ್ ಕಾರೊಂದು ನಮ್ಮ ಬಂದರಿಗೆ ಬಂತು ಅಂದುಕೊಳ್ಳಿ. 40,000 ಡಾಲರ್‌ಗಿಂತ ಜಾಸ್ತಿ ಬೆಲೆಯ ಸಿಬಿಯು ಕಾರಿಗೆ ಶೇ 70 ಮೂಲ ಸುಂಕ, ಅದರ ಮೇಲೆ ಶೇ 40 ಕೃಷಿ ಮೂಲಸೌಕರ್ಯ ಸೆಸ್. ಒಟ್ಟು ಶೇ 110. ಅಂದರೆ 55 ಲಕ್ಷ ಸುಂಕ ಸೇರಿ 1.05 ಕೋಟಿ. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರಿಗೆ ಶೇ 40 ಜಿಎಸ್‌ಟಿ. ಅದೂ ಸೇರಿದರೆ 1.47 ಕೋಟಿ! ಅದೇ 50 ಲಕ್ಷದ ಸರಕು ಬಿಡಿ ಕಿಟ್ ಆಗಿ ಬಂದರೆ ಶೇ 15 ಸುಂಕ, ಒಂದಿಷ್ಟು ಸರ್ಚಾರ್ಜ್ ಸೇರಿ 58 ಲಕ್ಷದ ಆಸುಪಾಸು. ಜಿಎಸ್‌ಟಿ ಸೇರಿಸಿದರೂ ಸುಮಾರು 81 ಲಕ್ಷ. ಜೋಡಣೆ ಕೂಲಿ, ಡೀಲರ್ ಲಾಭ ಇದರಲ್ಲಿ ಸೇರಿಲ್ಲ, ಹಾಗಾಗಿ ಇದು ಅಂದಾಜು ಅಷ್ಟೇ. ಆದರೂ ಅಂತರ ಎಷ್ಟಿದೆ ನೋಡಿ. ಇಷ್ಟೆಲ್ಲ ಆದಮೇಲೆ ಕೆಎ-17 ನಂಬರ್ ಹಾಕಿಸಲು ಆರ್‌ಟಿಒಗೆ ಹೋದರೆ, 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಕರ್ನಾಟಕದ ಜೀವಾವಧಿ ತೆರಿಗೆ ಶೇ 18, ಸೆಸ್ ಬೇರೆ. ಕಾರಿನ ಬೆಲೆ ಏರಿದಷ್ಟೂ ಇದೂ ಏರುತ್ತದೆ.

ಹಾಗಾದರೆ ಎಲ್ಲ ಮಾಡೆಲನ್ನೂ ಇಲ್ಲೇ ಜೋಡಿಸಬಾರದಾ? ದಾವಣಗೆರೆಯಲ್ಲಿ ಕಾರಿನ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಉತ್ತರ ಆ ಜನವರಿಯ ಲೆಕ್ಕದಲ್ಲೇ ಇದೆ. ಮಾರುತಿ ವ್ಯಾಗನ್‌ಆರ್ ಒಂದೇ 2024ರಲ್ಲಿ ಸುಮಾರು 1.9 ಲಕ್ಷ ಮಾರಾಟವಾಯಿತು. ಅಂದರೆ ತಿಂಗಳಿಗೆ 16 ಸಾವಿರದ ಹತ್ತಿರ. ಮರ್ಸಿಡಿಸ್‌ನ ಎಲ್ಲ ಮಾಡೆಲ್ ಸೇರಿ ಇಡೀ ವರ್ಷ 19,565! ಇದನ್ನು ಎ-ಕ್ಲಾಸ್‌ನಿಂದ ಮೇಬ್ಯಾಕ್‌ವರೆಗೆ ಹಂಚಿದರೆ ಕೆಲವು ಮಾಡೆಲ್‌ಗೆ ಬರೀ ನೂರರ ಲೆಕ್ಕ ಬರುತ್ತದೆ. ಅಷ್ಟಕ್ಕೆ ಬೇರೆ ಉಪಕರಣ ತರಿಸಿ, ಕಾರ್ಮಿಕರಿಗೆ ತರಬೇತಿ ಕೊಟ್ಟು ಲೈನ್ ಹಾಕುವುದು ಗಿಟ್ಟುವುದಿಲ್ಲ. ಅದಕ್ಕೇ ಜಾಸ್ತಿ ಹೋಗುವ ಸಿ-ಕ್ಲಾಸ್, ಇ-ಕ್ಲಾಸ್, ಜಿಎಲ್‌ಸಿ, ಜಿಎಲ್‌ಇ ಇಲ್ಲಿ ಜೋಡಣೆಯಾಗುತ್ತವೆ. ಕಡಿಮೆ ಹೋಗುವವು ಹಾಗೇ ಬರುತ್ತವೆ. ಕಂಪನಿ ಮಾಡೆಲ್ ಪಟ್ಟಿ ಓದಿದಾಗ ಯಾವುದು ಇಲ್ಲಿ ಜೋಡಣೆಯಾಗುತ್ತದೆ ಅಂತ ನೋಡಿ. ಯಾವ ಕಾರು ಚೆನ್ನಾಗಿ ಹೋಗುತ್ತದೆ ಅಂತ ಕಂಪನಿ ನಂಬಿದೆಯೋ ಅದು ಅಲ್ಲಿ ಕಾಣುತ್ತದೆ.

ಸಿಕೆಡಿಗೂ ತನ್ನ ಕಷ್ಟವಿದೆ. ಕಿಟ್ ಬಂದರೆ ತಾನೇ ಜೋಡಣೆ? ಆಡಿ ಕಂಪನಿ 2023ರಲ್ಲಿ 7,931 ಕಾರು ಮಾರಿತ್ತು, 2024ರಲ್ಲಿ 5,816ಕ್ಕೆ ಇಳಿಯಿತು. ಪೂರೈಕೆಯ ತೊಂದರೆ ಅಂತ ಕಂಪನಿಯೇ ಹೇಳಿತು. ಮಾರಾಟ ಇಳಿದರೆ ಗಿರಾಕಿ ಬೇಡ ಅಂದರು ಅಂತಲೇ ಅರ್ಥ ಅಲ್ಲ.

ಈ ವ್ಯವಹಾರದ ದೊಡ್ಡ ಪಾಲು ನಮ್ಮೂರ ಪಕ್ಕದ ಹೆದ್ದಾರಿಗೆ ಅಂಟಿಕೊಂಡಿದೆ. ಚಾಕಣ್ ಪುಣೆಯ ಹತ್ತಿರ. ಬಿಎಂಡಬ್ಲ್ಯು 2007ರಿಂದ ಚೆನ್ನೈ ಹತ್ತಿರ ಜೋಡಿಸುತ್ತಿದೆ. ವೋಲ್ವೊ 2017ರಲ್ಲಿ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಶುರುಮಾಡಿತು. ಪುಣೆಯಿಂದ ಬೆಂಗಳೂರು, ಚೆನ್ನೈಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ದಾವಣಗೆರೆ, ಚಿತ್ರದುರ್ಗ ದಾಟಿಯೇ ಹೋಗಬೇಕು. ದೊಡ್ಡಬಾತಿ ಹತ್ತಿರ ನಿಂತರೆ ಕಾರು ಸಾಗಿಸುವ ಉದ್ದನೆಯ ಮುಚ್ಚಿದ ಲಾರಿಗಳು ಕಾಣುತ್ತವೆ. ತಗಡಿನ ಗೋಡೆ, ಪಕ್ಕದಲ್ಲಿ ಗಾಳಿಯಾಡಲು ಸಣ್ಣ ತೂತು, ಹಿಂದೆ ಕೆಳಗಿಳಿಸುವ ಬಾಗಿಲು. ಒಳಗೆ ಯಾವ ಕಾರಿದೆ ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ.

ಕೊಳ್ಳುವವರಿಗೆ ಈ ಪದ ಯಾಕೆ ಬೇಕು ಅನ್ನುವುದಕ್ಕೆ ರೇಂಜ್ ರೋವರ್ ಒಳ್ಳೆಯ ಉದಾಹರಣೆ. 1970ರಲ್ಲಿ ಹುಟ್ಟಿದ ಈ ಕಾರು ಭಾರತಕ್ಕೆ ಬ್ರಿಟನ್‌ನಿಂದ ಪೂರ್ತಿ ತಯಾರಾಗಿಯೇ ಬರುತ್ತಿತ್ತು. 2024ರ ಮೇನಲ್ಲಿ ಪುಣೆಯಲ್ಲಿ ಜೋಡಿಸುತ್ತೇವೆ ಅಂತ ಕಂಪನಿ ಘೋಷಿಸಿತು. ರೇಂಜ್ ರೋವರ್ ಸ್ಪೋರ್ಟ್‌ನ ಆರಂಭಿಕ ಬೆಲೆ 1.69 ಕೋಟಿಯಿಂದ 1.40 ಕೋಟಿಗೆ ಇಳಿಯಿತು. ಹಿಂದಿನ ತಿಂಗಳು ಸಿಬಿಯು ಕೊಂಡವರ ಸಂಕಟ ಊಹಿಸಿ. 29 ಲಕ್ಷ ಜಾಸ್ತಿ ಕೊಟ್ಟಿದ್ದೂ ಹೋಯಿತು, ಮಾರುವಾಗ ಸಿಗುವ ಬೆಲೆಯೂ ಬಿತ್ತು.

ಅಡಿಕೆಗೆ ಒಳ್ಳೆ ರೇಟು ಬಂದ ವರ್ಷ ಚನ್ನಗಿರಿ ಕಡೆಯವರಾಗಲಿ, ಇಲ್ಲಿನ ಡಾಕ್ಟರುಗಳಾಗಲಿ ದೊಡ್ಡ ಕಾರು ನೋಡಲು ಹೊರಟರೆ ಬಣ್ಣ, ಸನ್‌ರೂಫ್ ಕೇಳುವ ಮೊದಲು ಸೇಲ್ಸ್‌ನವರನ್ನು ಎರಡು ಮಾತು ಕೇಳಬೇಕು. ಇದು ಸಿಕೆಡಿಯೋ ಸಿಬಿಯುವೋ? ಸಿಬಿಯು ಆದರೆ ಇಲ್ಲಿ ಜೋಡಿಸುವ ಯೋಚನೆ ಇದೆಯಾ? ಎರಡನೆಯದಕ್ಕೆ ನೇರ ಉತ್ತರ ಸಿಗದಿದ್ದರೆ ಮುಂದಿನ ಜನವರಿಯ ಮಾಡೆಲ್ ಪಟ್ಟಿ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ.