ಚಿವಿತಾ ಯಾಕೆ ಕುಸಿಯುತ್ತಿದೆ?

ಊರಬಾಗಿಲು ದಾಟಿದ ಕೂಡಲೇ ಒಂದು ಹಳೇ ಅರಮನೆಯ ಗೋಡೆ ಸಿಗುತ್ತದೆ. ಕಿಟಕಿಗಳು ಹಾಗೇ ಇವೆ. ಆದರೆ ಕಿಟಕಿಯಾಚೆ ಕೋಣೆ ಇಲ್ಲ, ಬರೀ ಆಕಾಶ. ಹಿಂದಿದ್ದ ಮನೆ ಯಾವತ್ತೋ ಕಣಿವೆಗೆ ಜಾರಿಹೋಗಿದೆ.

ಇದು ಇಟಲಿಯ ಚಿವಿತಾ ದಿ ಬಾನ್ಯೋರೆಜೋ. ರೋಮ್‌ನಿಂದ ಉತ್ತರಕ್ಕೆ ಸುಮಾರು 120 ಕಿ.ಮೀ. ದೂರದ ಗುಡ್ಡದ ಊರು. ಅಲ್ಲಿನವರು ಇದನ್ನು ‘ಸಾಯುತ್ತಿರುವ ಊರು’ ಅಂತಲೇ ಕರೆಯುತ್ತಾರೆ.

ಸುಮಾರು 2500 ವರ್ಷಗಳ ಹಿಂದೆ, ರೋಮನ್ನರ ಆಳ್ವಿಕೆಗೂ ಮುಂಚೆ ಈ ಭಾಗದಲ್ಲಿದ್ದ ಎಟ್ರಸ್ಕನ್ ಜನ ಇಲ್ಲಿ ನೆಲೆ ನಿಂತರು. ಸುತ್ತಲೂ ಕಣಿವೆ, ಶತ್ರು ಸುಲಭವಾಗಿ ಹತ್ತಿ ಬರುವ ಹಾಗಿಲ್ಲ. ಮೇಲಿರುವುದು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಟಫ್ ಕಲ್ಲು. ಕಡಿಯಲು ಸಲೀಸು. ಅದರಲ್ಲೇ ಮನೆ ಕಟ್ಟಿದರು, ಮನೆಯಡಿ ಅದನ್ನೇ ಕೊರೆದು ನೆಲಮಾಳಿಗೆ ಮಾಡಿದರು. ತೊಂದರೆ ಇರುವುದು ಕಲ್ಲಿನ ಕೆಳಗೆ. ಅಲ್ಲಿರುವುದು ಜೇಡಿಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಬುಡದಲ್ಲಿ ಹರಿಯುವ ಹಳ್ಳಗಳು ಅದನ್ನು ಕೊರೆಯುತ್ತಲೇ ಇರುತ್ತವೆ, ಕೊನೆಗೆ ಆಸರೆ ತಪ್ಪಿದ ಕಲ್ಲು ಅಂಚಿನಿಂದ ಸೀಳಿಕೊಂಡು ಮನೆ ಸಮೇತ ಕೆಳಗೆ ಬೀಳುತ್ತದೆ. 13ನೇ ಶತಮಾನದಲ್ಲಿ ಇಲ್ಲೇ ಹುಟ್ಟಿದ ಸಂತ ಬೊನವೆಂತೂರ ಅವರ ಮನೆಯೂ ಹೀಗೇ ಹೋಯಿತು.

ಮಧ್ಯಯುಗದಲ್ಲಿ ಇದೇನು ಸಣ್ಣ ಹಳ್ಳಿಯಲ್ಲ. ಬಿಷಪ್ ಇದ್ದರು, ಸಾನ್ ದೊನಾತೊ ಎಂಬ ದೊಡ್ಡ ಚರ್ಚು ಇತ್ತು. ಆ ಚರ್ಚು ಈಗಲೂ ಚೌಕದಲ್ಲಿದೆ. ಊರಬಾಗಿಲ ಮೇಲೆ ಮನುಷ್ಯರ ತಲೆ ಹಿಡಿದ ಕಲ್ಲಿನ ಸಿಂಹಗಳಿವೆ, ಅವನ್ನು ತಪ್ಪಿಸಬೇಡಿ. ಬಾಗಿಲೊಳಗಿನ ದಾರಿಯನ್ನು ಬಂಡೆಯಲ್ಲಿ ಮೊದಲು ಕೊರೆದವರು ಎಟ್ರಸ್ಕನ್ನರೇ.

1695ರ ಭೂಕಂಪ ಎಲ್ಲವನ್ನೂ ಬದಲಿಸಿತು. ಬಿಷಪ್ಪರೂ ಅಧಿಕಾರಿಗಳೂ ಪಕ್ಕದ ಬಾನ್ಯೋರೆಜೋಗೆ ಹೊರಟರು, ಜನ ಹಿಂದೆಯೇ ಹೋದರು. ಎರಡೂ ಊರಿನ ನಡುವಿದ್ದ ಮಣ್ಣಿನ ದಿಬ್ಬವೂ ಸವೆದು ಸವೆದು ದಾರಿ ಕಡಿದುಹೋಯಿತು. ಈಗಿರುವ ಕಾಂಕ್ರೀಟ್ ಕಾಲುಸೇತುವೆ 1965ರದ್ದು. ಅದರ ಮೇಲೆ ಕಾರು ಹೋಗುವುದಿಲ್ಲ. ಊರವರ ದಿನಸಿ ಬರುವುದು ಸಣ್ಣ ಮೋಟಾರು ಗಾಡಿಗಳಲ್ಲಿ.

ವರ್ಷಪೂರ್ತಿ ಇಲ್ಲೇ ಇರುವವರು ಹತ್ತು–ಹನ್ನೆರಡು ಮಂದಿ ಇರಬಹುದು, ಅಷ್ಟೆ. ಆದರೆ ನೋಡಲು ಬರುವವರು ವರ್ಷಕ್ಕೆ ಲಕ್ಷಗಟ್ಟಲೆ. 2013ರಲ್ಲಿ ಸೇತುವೆ ದಾಟಲು ಒಂದೂವರೆ ಯೂರೋ ಟಿಕೆಟ್ ಇಟ್ಟರು, ಆಮೇಲೆ ಅದು 5 ಯೂರೋ ಆಯಿತು. ಊರಿಗೆ ಕಾಲಿಡಲು ದುಡ್ಡು ಕೇಳುವುದು ಸರಿಯಾ ಅಂತ ಯಾರಿಗಾದರೂ ಅನಿಸಬಹುದು. ನನಗಂತೂ ಅದು ಸರಿ ಅನಿಸುತ್ತದೆ. ಬಂಡೆಗೆ ಉಕ್ಕಿನ ಸರಳು ತೂರಿಸಿ ಹೊಲಿಗೆ ಹಾಕುವುದು, ಮಳೆನೀರು ಹರಿದುಹೋಗಲು ದಾರಿ ಮಾಡುವುದು ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ, ಅಲ್ವಾ? ಹತ್ತು ಮನೆಯ ತೆರಿಗೆಯಿಂದ ಅದು ಆಗುವುದಿಲ್ಲ. ನನ್ನ ಚಿಂತೆ ಬೇರೆ. ಮನೆಗಳೆಲ್ಲ ಬಾಡಿಗೆ ಕೋಣೆ, ಹೋಟೆಲ್ ಆಗಿಬಿಟ್ಟರೆ ಕಲ್ಲು ಉಳಿದರೂ ಸಂಜೆ ದೀಪ ಹಚ್ಚುವವರು ಬೇಕಲ್ಲ.

ಹೋಗುವವರು ಜೂನ್ ಅಥವಾ ಸೆಪ್ಟೆಂಬರ್‌ನಲ್ಲಿ ಹೋಗಿ. ಆಗ ಸಾನ್ ದೊನಾತೊ ಚೌಕದಲ್ಲಿ ಕತ್ತೆಗಳ ಓಟ ನಡೆಯುತ್ತದೆ. ಚೌಕಕ್ಕೆ ಈಗಲೂ ಕಲ್ಲು ಹಾಸಿಲ್ಲ, ಕತ್ತೆಗಳು ಓಡುವುದು ಮಣ್ಣಿನ ಮೇಲೆಯೇ.