ಲಿವರ್‌ಗೆ ಸೂಜಿ ಹಾಕಿಸಬಹುದಾ?

ಲಿವರ್ ಬಯಾಪ್ಸಿ (ಸೂಜಿಯಿಂದ ಲಿವರಿನ ಸಣ್ಣ ತುಣುಕು ತೆಗೆದು ಪರೀಕ್ಷಿಸುವುದು) ಮಾಡಬೇಕು ಎಂದು ಡಾಕ್ಟರ್ ಹೇಳಿದ ಕೂಡಲೇ ಮನೆಯವರು ಕೇಳುವುದು, 'ಏನೂ ಅಪಾಯ ಇಲ್ಲ ಅಲ್ವಾ?' ಎಂದು. ನನಗೆ ಕೇಳಿದರೆ, ಅದಕ್ಕಿಂತ ಮೊದಲು ಕೇಳಬೇಕಾದ್ದು ಇನ್ನೊಂದಿದೆ: ರಿಪೋರ್ಟ್ ಬಂದ ಮೇಲೆ ಚಿಕಿತ್ಸೆ ಬದಲಾಗುತ್ತದಾ?

ಬಲಗಡೆ ಪಕ್ಕೆಲುಬುಗಳ ನಡುವೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ. ಉಸಿರಾಡಿದಾಗ ಲಿವರ್ ಮೇಲೆ ಕೆಳಗೆ ಸರಿಯುತ್ತದೆ. ಅದಕ್ಕೇ ಉಸಿರು ಬಿಟ್ಟು ಹಾಗೇ ತಡೆದುಕೊಳ್ಳಲು ಹೇಳಿ, ಸ್ಕ್ಯಾನ್ ನೋಡುತ್ತಾ ಸೂಜಿ ಹಾಕುತ್ತಾರೆ. ಒಂದೆರಡು ಸೆಕೆಂಡಿನ ಕೆಲಸ. 1958ರಲ್ಲಿ ಇಟಲಿಯ ವೈದ್ಯ ಮೆಂಘಿನಿ ಈ 'ಒಂದು ಸೆಕೆಂಡಿನ' ವಿಧಾನ ತೋರಿಸಿಕೊಟ್ಟ ಮೇಲೆ ಬಯಾಪ್ಸಿಯ ಬಳಕೆ ಹೆಚ್ಚಿತು.

ಸಿಗುವುದು ಶಾವಿಗೆ ಎಳೆಯಂಥ ತುಣುಕು, ಸುಮಾರು ಎರಡು ಸೆಂಟಿಮೀಟರ್ ಉದ್ದ. ಇಡೀ ಲಿವರಿನ 50,000ದಲ್ಲಿ ಒಂದು ಪಾಲು! ಇದೇ ಇದರ ದೊಡ್ಡ ಮಿತಿ. ಹೆಪಟೈಟಿಸ್ ಸಿ (ವೈರಸ್‌ನಿಂದ ಬರುವ ಲಿವರ್ ಕಾಯಿಲೆ) ಇದ್ದವರ ಲಿವರಿನ ಎಡ, ಬಲ ಎರಡೂ ಭಾಗದಿಂದ ತುಣುಕು ತೆಗೆದು ನೋಡಿದ 2002ರ ಅಧ್ಯಯನವೊಂದರಲ್ಲಿ, ಮೂವರಲ್ಲಿ ಒಬ್ಬರಿಗೆ ಎರಡು ಕಡೆಯ ಫಲಿತಾಂಶ ಹೊಂದಲಿಲ್ಲ.

ಹಾಗಿದ್ದರೂ ಕೆಲವು ಕಡೆ ಇದಕ್ಕೆ ಬದಲಿಯಿಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಕೆಟ್ಟ ಕೆಲವರ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ಬರೆದರು. ಬಯಾಪ್ಸಿಯಲ್ಲಿ ಕಂಡದ್ದು ದೇಹದ ರೋಗನಿರೋಧಕ ಶಕ್ತಿಯೇ ಲಿವರ್ ಮೇಲೆ ತಿರುಗಿಬಿದ್ದ ಗುರುತು. ಇಂಥ ಆಟೋಇಮ್ಯೂನ್ ಕಾಯಿಲೆಗೆ ಸ್ಟೆರಾಯ್ಡ್ ಕೊಡಬೇಕಾಗಬಹುದು, ಅದೂ ಕೆಲವೊಮ್ಮೆ ವರ್ಷಗಟ್ಟಲೆ. ಸುಮ್ನೆ ಅಂದಾಜಿನ ಮೇಲೆ ಶುರು ಮಾಡುವ ಔಷಧಿಯಲ್ಲ ಅದು. ಕಸಿ ಮಾಡಿದ ಲಿವರನ್ನು ದೇಹ ಒಪ್ಪುತ್ತಿಲ್ಲವೇ ಎಂದು ತಿಳಿಯಲೂ ತುಣುಕು ಬೇಕು. ಆದರೆ ಹೆಪಟೈಟಿಸ್ ಬಿ, ಸಿ ಗುರುತಿಸಲು ರಕ್ತಪರೀಕ್ಷೆಯೇ ಸಾಕು. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಫೈಬ್ರೋಸ್ಕ್ಯಾನ್ ಸೂಜಿಯಿಲ್ಲದೆ ಹೇಳುತ್ತದೆ.

ಇನ್ನು ಅಪಾಯದ ಮಾತು. ನೋವು ಸಾಮಾನ್ಯ. ವಿಚಿತ್ರವೆಂದರೆ ಬಲಭುಜ ನೋಯಬಹುದು: ಲಿವರಿನ ಮೇಲಿರುವ ವಪೆಯ (ಉಸಿರಾಟದ ಸ್ನಾಯು) ನರವೂ ಭುಜದ ನರವೂ ಬೆನ್ನುಹುರಿಯಲ್ಲಿ ಒಂದೇ ಕಡೆ ಸೇರುವುದರಿಂದ ಮೆದುಳು ಗೊಂದಲಪಡುತ್ತದೆ. ಜಾಸ್ತಿ ರಕ್ತಸ್ರಾವ ಆಗುವುದು ಸಾವಿರದಲ್ಲಿ ಕೆಲವರಿಗೆ. ಸಾವು ಸುಮಾರು 10,000ದಲ್ಲಿ ಒಂದು. ತೊಂದರೆ ಬಂದರೆ ಹೆಚ್ಚಾಗಿ ಮೊದಲ ಕೆಲವು ಗಂಟೆಗಳಲ್ಲೇ ಬರುತ್ತದೆ. ಆದ್ದರಿಂದಲೇ ಮುಗಿದ ತಕ್ಷಣ ಮನೆಗೆ ಕಳಿಸುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ತೀರಾ ಕಡಿಮೆ ಇದ್ದವರಿಗೆ, ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಕುತ್ತಿಗೆಯ ರಕ್ತನಾಳದ ಮೂಲಕ ಸೂಜಿ ಇಳಿಸುತ್ತಾರೆ. ರಕ್ತ ಬಂದರೂ ರಕ್ತನಾಳಕ್ಕೇ ವಾಪಸ್ಸು.

'ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ' ಎಂಬ ಮಾತು ಲಿವರ್ ವಿಷಯದಲ್ಲಿ ಪೂರ್ತಿ ಸುಳ್ಳಲ್ಲ. ಲಿವರಿನಲ್ಲೇ ಹುಟ್ಟಿದ ಕ್ಯಾನ್ಸರ್ ಸೂಜಿ ಹೋದ ದಾರಿಯಲ್ಲಿ ಬೆಳೆಯುವುದುಂಟು, ನೂರರಲ್ಲಿ ಎರಡು ಮೂರು ಸಲ. ಆದರೆ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ) ಇದ್ದವರ ಸಿಟಿ ಅಥವಾ ಎಂಆರ್‌ಐಯಲ್ಲಿ ಗಡ್ಡೆ ತನ್ನದೇ ಗುರುತು ಸ್ಪಷ್ಟವಾಗಿ ತೋರಿಸಿದರೆ ಬಯಾಪ್ಸಿಯೇ ಬೇಡ.

ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಮೊದಲೇ ತಿಳಿಸಿ. ನೀವಾಗಿಯೇ ನಿಲ್ಲಿಸಬೇಡಿ. ಹೊಸದಾಗಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ಹಾಗೆ ನಿಲ್ಲಿಸುವುದು ಬಯಾಪ್ಸಿಗಿಂತ ದೊಡ್ಡ ಅಪಾಯ.