ಕೋಲಾರ ಸೀಮೆಯ ಧರ್ಮಾಸ್ಪತ್ರೆಗಳಿಗೆ ದುಡ್ಡು ಎಲ್ಲಿಂದ ಬಂತು?

ಕೋಲಾರದಲ್ಲಿ ಇಟಿಸಿಎಂ ಆಸ್ಪತ್ರೆ ಅಂದರೆ ಆಟೋದವರು ಮರುಮಾತಾಡದೆ ಕರೆದುಕೊಂಡು ಹೋಗುತ್ತಾರೆ. ಆ ನಾಲ್ಕು ಅಕ್ಷರ ಏನು ಅಂತ ಕೇಳಿ ನೋಡಿ, ಹೇಳುವವರು ಕಡಿಮೆ. ಎಲನ್ ಥೋಬರ್ನ್ ಕೋವನ್ ಮೆಮೋರಿಯಲ್. ಅಮೆರಿಕದ ಮೆಥಡಿಸ್ಟ್ ಅನ್ನುವ ಕ್ರೈಸ್ತ ಮಿಷನ್ನಿನವರು 1910ರ ಸುಮಾರಿಗೆ ಕಟ್ಟಿದ ಆಸ್ಪತ್ರೆ. ಆಗಿನ ಕಾಲಕ್ಕೆ ಹೆರಿಗೆಗೆ ಗಂಡು ಡಾಕ್ಟರ ಹತ್ತಿರ ಹೋಗಲು ಎಷ್ಟೋ ಮನೆಯವರು ಒಪ್ಪುತ್ತಿರಲಿಲ್ಲ. ಸೂಲಗಿತ್ತಿ ಕೈಚೆಲ್ಲಿದರೆ ದೇವರೇ ಗತಿ. ಮಿಷನ್ ಆಸ್ಪತ್ರೆಗಳಿಗೆ ಹೆಂಗಸರೇ ಡಾಕ್ಟರಾಗಿ ಬಂದರು ನೋಡಿ, ಜನ ಹೊಸಿಲು ದಾಟಿದರು. ಮತಪ್ರಚಾರವೂ ಜೊತೆಗಿತ್ತು, ಅದೇನು ಗುಟ್ಟಲ್ಲ.

ಲಾಭ ಮಾಡದ ಆಸ್ಪತ್ರೆ ಅಂದರೆ ಪುಕ್ಕಟೆ ಆಸ್ಪತ್ರೆ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಬಿಲ್ಲೂ ಇರಬಹುದು. ಖರ್ಚು ಕಳೆದು ಉಳಿದದ್ದನ್ನು ಯಾರೂ ಹಂಚಿಕೊಳ್ಳುವಂತಿಲ್ಲ, ಅದೇ ಕೆಲಸಕ್ಕೆ ಹಾಕಬೇಕು, ಅಷ್ಟೆ. ಡಾಕ್ಟರ ಸಂಬಳ, ಔಷಧಿ, ಕರೆಂಟು ಯಾವುದೂ ಪುಕ್ಕಟೆ ಬರಲ್ಲ. ಹಾಗಾಗಿ ಈ ಆಸ್ಪತ್ರೆಗಳ ಕಥೆ ಅರ್ಧ ಸೇವೆಯದು, ಇನ್ನರ್ಧ ದುಡ್ಡು ಹೊಂದಿಸುವುದರದು.

ಮಿಷನ್ನಿನವರು ನೆಚ್ಚಿಕೊಂಡಿದ್ದ ದೇಣಿಗೆಯ ಆಚೆಗೆ ಇನ್ನೊಂದು ದಾರಿ ಕಂಡದ್ದು 1986ರಲ್ಲಿ. ಕೋಲಾರದ ಪಕ್ಕ ಟಮಕದಲ್ಲಿ ಹಿಂದುಳಿದ ವರ್ಗಗಳ ಹೆಸರಿನ ಟ್ರಸ್ಟೊಂದು ದೇವರಾಜ ಅರಸು ಮೆಡಿಕಲ್ ಕಾಲೇಜು ಶುರು ಮಾಡಿತು. ಮುಂದೆ ನಿಂತವರು ಆರ್.ಎಲ್. ಜಾಲಪ್ಪ. ಜನರ ಬಾಯಲ್ಲಿ ಅದು ಇವತ್ತಿಗೂ ಜಾಲಪ್ಪ ಆಸ್ಪತ್ರೆ. ಇಲ್ಲೊಂದು ಸ್ವಾರಸ್ಯವಿದೆ. ಯಾವುದೇ ಮೆಡಿಕಲ್ ಕಾಲೇಜಿಗೆ ಹುಡುಗರಿಗೆ ಕಲಿಸಲು ರೋಗಿಗಳು ಬೇಕು. ಹಾಸಿಗೆ ಖಾಲಿ ಇದ್ದರೆ ಕಾಲೇಜಿನ ತಪಾಸಣೆಗೆ ಬಂದ ಅಧಿಕಾರಿಗಳು ಸುಮ್ನೆ ಬಿಡುವುದಿಲ್ಲ. ಹಳ್ಳಿಯವರಿಗೆ ಕಡಿಮೆ ದುಡ್ಡಿನ ಚಿಕಿತ್ಸೆ ಬೇಕು. ಇಬ್ಬರ ಅಗತ್ಯವೂ ಕೂಡಿತು. ಮೆಡಿಕಲ್ ಕಾಲೇಜುಗಳ ಕಣ್ಣಿನ ಕ್ಯಾಂಪು, ಪೊರೆ ಬಂದ ಅಜ್ಜಂದಿರನ್ನು ಹತ್ತಿಸಿಕೊಂಡು ಹೋಗುವ ಬಸ್ಸು ಇದರ ಹಿಂದೆ ಈ ಲೆಕ್ಕವೂ ಇದೆ. ಲೆಕ್ಕ ಇದ್ದರೇನಂತೆ, ಅಜ್ಜನಿಗೆ ಕಣ್ಣು ಬಂತಲ್ವಾ?

2003ರಲ್ಲಿ ಸಹಕಾರ ಸಂಘದವರಿಗೆ ಯಶಸ್ವಿನಿ ಅನ್ನುವ ಆರೋಗ್ಯ ಯೋಜನೆ ಬಂತು. ಮೊದಲ ವರ್ಷ ಸದಸ್ಯರು ಕಟ್ಟಬೇಕಾದದ್ದು 60 ರೂಪಾಯಿ. ಊರೂರಿಗೆ ಹಾಲಿನ ಡೇರಿ ಇರುವ ನಮ್ಮ ಸೀಮೆಗೆ ಇದು ಹೇಳಿ ಮಾಡಿಸಿದ ಹಾಗಿತ್ತು. ಆಮೇಲೆ ಸರ್ಕಾರದ ಬೇರೆ ಯೋಜನೆಗಳೂ ಬಂದವು. ಈಗ ಕೌಂಟರಿನಲ್ಲಿ ‘ಎಷ್ಟಾಗುತ್ತೆ?’ ಅನ್ನುವುದಕ್ಕಿಂತ ಮುಂಚೆ ‘ಕಾರ್ಡ್ ನಡೆಯುತ್ತಾ?’ ಅಂತಲೇ ಕೇಳುತ್ತಾರೆ.

ಕೋಲಾರದಲ್ಲೇ ಇದ್ದ ಚಿಕ್ಕಬಳ್ಳಾಪುರ 2007ರಲ್ಲಿ ಬೇರೆ ಜಿಲ್ಲೆಯಾಯಿತು. ಅಲ್ಲಿನ ಮುದ್ದೇನಹಳ್ಳಿ ವಿಶ್ವೇಶ್ವರಯ್ಯನವರ ಊರು. 2023ರ ಮಾರ್ಚ್ 25ರಂದು ಪ್ರಧಾನಿ ನರೇಂದ್ರ ಮೋದಿ ಅಲ್ಲಿ ಮಧುಸೂದನ ಸಾಯಿ ಹೆಸರಿನ ಮೆಡಿಕಲ್ ಕಾಲೇಜನ್ನು ಉದ್ಘಾಟಿಸಿದರು. ಓದೂ ಉಚಿತ, ಚಿಕಿತ್ಸೆಯೂ ಉಚಿತ ಅನ್ನುವ ಲೆಕ್ಕದಲ್ಲಿ ಕಟ್ಟಿದ್ದು. ಇಲ್ಲಿ ನಂಬಿಕೆ ಮತ್ತೆ ದಾನಿಗಳ ಮೇಲೆ. ನೂರು ವರ್ಷದ ಹಿಂದೆ ಮಿಷನ್ನಿನವರು ನೆಚ್ಚಿಕೊಂಡದ್ದೂ ಅವರನ್ನೇ.

ಬಾಗೇಪಲ್ಲಿ ಕಡೆಯಿಂದ ರೋಗಿಯ ಜೊತೆ ಬರುವ ಮಗನ ಬಸ್ ಚಾರ್ಜು, ಊಟ, ಬಿಟ್ಟುಹೋದ ದಿನದ ಕೂಲಿ ಮಾತ್ರ ಯಾವ ಕಾರ್ಡಿಗೂ ಬರುವುದಿಲ್ಲ.